ಮಾ ಫಿಲೋಮೆನ್ ಕೈ ಪಳಗಿಸಿದ್ದು

ದುಬ್ಲಾನ್ ಊರಿನಿಂದ ದಿಯಾಬ್ಲೊತಿನ್ ಬೆಟ್ಟಕ್ಕೆ ಹೊರಡುವವರ ಬುತ್ತಿಯಲ್ಲಿ ಮಾ ಫಿಲೋಮೆನ್ ತನ್ನ ಒಲೆಯಲ್ಲಿ ಬೇಯಿಸಿದ ಬ್ರೆಡ್ಡು ಇದ್ದೇ ಇರುತ್ತಿತ್ತು. ಜನರನ್ನು ಬೆಟ್ಟ ಹತ್ತಿಸಿ, ಸಂಜೆಯೊಳಗೆ ಇಳಿಸಿ ತರುವುದು ಸಿಲ್ವಾನಸ್‌ನ ಕೆಲಸ. ಬೆಳಗಾಗುವ ಮೊದಲೇ ಆಕೆಯ ಒಲೆಯ ಮುಂದೆ ನಿಂತು ಬಿಸಿ ಬ್ರೆಡ್ಡು ಕಟ್ಟಿಸಿಕೊಳ್ಳದೆ ಅವನು ಯಾರನ್ನೂ ಕರೆದೊಯ್ದವನಲ್ಲ. ಒಂದು ದಿನ ಹಾಗೆ ನಿಂತಿದ್ದಾಗ ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದಳು: "ನನ್ನ ಬ್ರೆಡ್ಡು ಎಷ್ಟೋ ಸಲ ಮೇಲಕ್ಕೆ ಹೋಗಿ ಬಂತು. ನಾನು ಮಾತ್ರ ಒಂದ್ಸಲಾನೂ ಹೋಗಿಲ್ಲ. ನನ್ನನ್ನೂ ಕರ್ಕೊಂಡು ಹೋಗು ಮಗಾ."

"ಬ್ರೆಡ್ಡು ನನ್ನ ಚೀಲದಲ್ಲಿ ಕೂತ್ಕೊಂಡು ಹೋಗುತ್ತೆ ಮಾ. ನಿಮ್ಮನ್ನ ಯಾರು ಹೊರೋರು?"

"ಹೊರು ಅಂತ ಯಾರಂದ್ರು? ದಾರಿ ತೋರ್ಸು ಅಂದೆ ಅಷ್ಟೆ."

ಆಕೆಗೆ ಅರವತ್ತು ದಾಟಿತ್ತು. ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ ಸೋತಿತ್ತು. ಬೆರಳು ಮಡಚಿದರೂ ಹಿಡಿತ ನಿಲ್ಲುತ್ತಿರಲಿಲ್ಲ. ದಿಯಾಬ್ಲೊತಿನ್ ಬರೀ ಕಾಲಿನಿಂದ ಹತ್ತುವ ಬೆಟ್ಟವಲ್ಲ. ಮೇಲೆ ಹೋಗುತ್ತ ಹೋಗುತ್ತ ಕಾಲಿಡಲು ನೆಲವೇ ಸಿಗದು. ಹೆಣೆದುಕೊಂಡ ಬೇರು, ಕೊಂಬೆಗಳನ್ನು ಹಿಡಿದು ಕೆಸರಿನ ಮೇಲೆ ಜೋತಾಡಿಕೊಂಡು ಸಾಗಬೇಕು. ಸಿಲ್ವಾನಸ್‌ಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಿತ್ತಲಿನ ಮಾವಿನ ಮರ ತೋರಿಸಿ, "ಆ ಕೊಂಬೆಗೆ ಎರಡೂ ಕೈಯಲ್ಲಿ ಜೋತುಬಿದ್ದು, ನಾನು ಸಾಕು ಅನ್ನೋವರೆಗೂ ಬಿಡದೆ ಇರಿ. ಆಮೇಲೆ ಮಾತಾಡೋಣ" ಎಂದ. ಅಲ್ಲಿಗೆ ಆಸೆ ಬಿಡುತ್ತಾಳೆಂದು ಅವನ ಎಣಿಕೆ.

ಮರುದಿನದಿಂದಲೇ ಆಕೆ ಹಿಟ್ಟನ್ನು ಎಡಗೈಯಲ್ಲಿ ನಾದತೊಡಗಿದಳು. ಬ್ರೆಡ್ಡು ಉಬ್ಬದೆ ಗಟ್ಟಿಯಾಯಿತು. ಊರು ಗೊಣಗಿತು.

"ಇದೇನು ಮಾ, ಬ್ರೆಡ್ಡೋ ಕಲ್ಲೋ?" ಎಂದ ಮೀನುಗಾರ ಅಗಸ್ಟಸ್.

"ಬಿಸಿ ಕೋಕೋದಲ್ಲಿ ಅದ್ದಿ ತಿನ್ನು. ನಿನ್ನ ಹಲ್ಲಿಗಿಂತ ನನ್ನ ಕೈ ಮುಖ್ಯ."

ಹೊಳೆಯಲ್ಲಿ ಬಟ್ಟೆ ಹಿಂಡುವುದಕ್ಕೂ ಅದೇ ಕೈ. ಮಧ್ಯಾಹ್ನ ಒಲೆ ಆರಿದ ಮೇಲೆ ಬಾಳೆಕಾಯಿ ಗೊನೆ ಹೊತ್ತು ಏರುರಸ್ತೆ ಹತ್ತಿ ಇಳಿಯುವಳು. ಎಷ್ಟೋ ಸಲ ಕೊಂಬೆಯಿಂದ ಜಾರಿ ಬಿದ್ದು ಮೊಣಕೈ ತರಚಿಕೊಂಡಳು. ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಸಿಲ್ವಾನಸ್, ಆಕೆ ಕೇಳದಿದ್ದರೂ ತಾನೇ ಬಂದು ಪಾಠ ಶುರುಮಾಡಿದ. ಒದ್ದೆಯಾಗಿ ಹೊಳೆಯುವ ಬೇರನ್ನು ನಂಬಬಾರದು, ಬೇರಿನ ನಡುಭಾಗದಲ್ಲಿ ಹೆಜ್ಜೆಯಿಡದೆ ಬುಡದ ಹತ್ತಿರ ಇಡಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು. ಆಕೆಯ ಪಾದಕ್ಕೊಪ್ಪುವ, ಜಾರದಂತೆ ಅಡಿಯಲ್ಲಿ ಮುಳ್ಳಿರುವ ಬೂಟನ್ನು ತನ್ನ ತಂಗಿಯಿಂದ ಕೇಳಿ ತಂದುಕೊಟ್ಟ.

ಒಂದು ಸಂಜೆ ಅವನು ಹೋದಾಗ ಆಕೆ ಕೊಂಬೆಗೆ ಜೋತಿದ್ದಳು. ಎಡಗೈಯ ನರಗಳು ಉಬ್ಬಿದ್ದವು, ಮುಖ ಬೆವರಿತ್ತು, ಬೆರಳು ಮಾತ್ರ ಅಲುಗುತ್ತಿರಲಿಲ್ಲ. ಸಿಲ್ವಾನಸ್ ಮೈಮರೆತು ನೋಡುತ್ತ ನಿಂತುಬಿಟ್ಟ.

"ಸಾಕು ಅಂತೀಯೋ, ಇಲ್ಲೇ ಮಾಗಿ ಉದುರ್ಲೋ?"

ಅವನು ಓಡಿಹೋಗಿ ಸೊಂಟ ಹಿಡಿದು ಇಳಿಸಿಕೊಂಡ. ಮಾತಾಡುವುದೇನೂ ಉಳಿದಿರಲಿಲ್ಲ.

ಮುಂದಿನ ವಾರ ಇಬ್ಬರೂ ಹೊರಟರು. ಗಿಳಿಗಳ ಕಾಡು ದಾಟಿ, ಬೇರುಗಳ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿದ್ದರು. ಅಷ್ಟರಲ್ಲಿ ಗಾಳಿ ಎದ್ದು ಮಳೆ ಸುರಿಯಿತು. ಹೇಗಾದರೂ ಆಕೆಯನ್ನು ಮೇಲೆ ಮುಟ್ಟಿಸಬೇಕೆಂಬ ಹಟ ಈಗ ಸಿಲ್ವಾನಸ್‌ನದು.

"ಇನ್ನೊಂಚೂರು ಮಾ. ಮೋಡದೊಳಗೇ ತುದಿ ಇರೋದು. ಕೈ ಕೊಡಿ, ಎಳ್ಕೋತೀನಿ."

ಆಕೆ ಕೈ ಕೊಡಲಿಲ್ಲ. ಕೊಂಬೆಯ ಮೇಲೆ ಕೂತು ಎಡಗೈಯನ್ನು ತಿಕ್ಕಿಕೊಂಡಳು. "ಮರಗಟ್ಟಿದೆ. ಇಳಿಯೋಕೂ ಇದೇ ಕೈ ಬೇಕು. ವಾಪಸ್ ಹೋಗೋಣ."

"ಇಷ್ಟು ಕಷ್ಟಪಟ್ಟು ಬಂದು..."

"ಕಷ್ಟಪಟ್ಟಿದ್ದು ನಾನು ತಾನೆ? ನಡಿ."

ತುದಿ ಮುಟ್ಟುವ ಆಸೆಗೆ ಮಂಡಿನೋವು ಮುಚ್ಚಿಟ್ಟವರನ್ನು, ವಾಪಸ್ ಹೋಗೋಣ ಎಂದದ್ದಕ್ಕೆ ತನ್ನನ್ನು ಬೈದು ಅತ್ತವರನ್ನು ಅವನು ಕಂಡಿದ್ದ. ಇಂಥ ಮಾತನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ಕಂಡಿರಲಿಲ್ಲ. ತಾನು ಹೇಳಬೇಕಾದದ್ದನ್ನು ಆಕೆ ಹೇಳಿದಳೆಂದು ನಾಚಿಕೆಯೂ ಆಯಿತು. ಇಳಿಯುವ ದಾರಿಯುದ್ದಕ್ಕೂ ಅವನು ಆಕೆಗಿಂತ ಕೆಳಗೇ ಇದ್ದು, ಒಂದೊಂದೇ ಹೆಜ್ಜೆಗೆ ಜಾಗ ತೋರಿಸುತ್ತ ಬಂದ.

ಮರುದಿನ ಬೆಳಿಗ್ಗೆ ಆಕೆ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. "ಮಳೆ ಯಾವಾಗ ಬಿಡುತ್ತೆ?" ಎಂದಷ್ಟೇ ಕೇಳಿದಳು.

ಕ್ರಿಸ್ಮಸ್ ಕಳೆದು ಮಳೆ ಹಿಂದೆ ಸರಿದಾಗ ಮತ್ತೆ ಹತ್ತಿದರು. ಈ ಸಲ ಕೈ ಸೋಲಲಿಲ್ಲ. ಕೊನೆಯ ಕೊಂಬೆ ಹಿಡಿದು ತಾನೇ ಮೇಲೆದ್ದ ಮಾ ಫಿಲೋಮೆನ್, ದ್ವೀಪದ ಎರಡೂ ಬದಿಯ ಸಮುದ್ರವನ್ನು ನೋಡುತ್ತ ಕೆಸರು ಮೈಯಲ್ಲೇ ಕೂತಳು. ಉಳಿದವರನ್ನಾದರೆ ಮೋಡ ಬರುತ್ತದೆ, ಬೇಗ ಏಳಿ ಎಂದು ಅವಸರ ಮಾಡುತ್ತಿದ್ದ ಸಿಲ್ವಾನಸ್, ಅಂದು ತಾನೂ ಪಕ್ಕದಲ್ಲಿ ಕೂತ. ಆಕೆಗೆ ಸಾಕೆನಿಸುವವರೆಗೂ ಕೂತೇ ಇದ್ದ.