ಒಂದು ಸೌಟು ಚೊಗರು

ಬೆವರು, ಇದ್ದಕ್ಕಿದ್ದಂತೆ ಕಿವಿಯ ಹಿಂದೆ, ಬೆನ್ನಲ್ಲಿ, ಬಾಯಲ್ಲಿ ಜೊಲ್ಲು ಬೇರೆ, ಕಿಟಕಿಯಾಚೆ ರಾಗಿಗುಡ್ಡವೇ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಿದೆ — ಏನೂ ಆಗಿಲ್ಲ, ನನ್ನ ಅಣಬೆ ಕಷಾಯವನ್ನು ನಾನೇ ಅರ್ಧ ಲೋಟ ಕುಡಿದಿದ್ದೇನೆ ಅಷ್ಟೆ, ಸೋಮವಾರ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳಿಗೆ ಜಂತಿನ ಔಷಧಿ ಎಂದು ಕುಡಿಸುವವನಿಗೆ ಅಷ್ಟೂ ನಿಯತ್ತು ಬೇಡವೇ. ಕೋಳಿಯ ಹೊಟ್ಟೆಯ ಜಂತುಗಳು ಈ ಕಷಾಯದಲ್ಲಿ ಸೆಟೆದುಕೊಂಡು ಸತ್ತವಲ್ಲ, ಬರೀ ಉಪ್ಪುನೀರಿನವು ಸಂಜೆಯವರೆಗೂ ಹೊರಳಾಡಿದವು, ಅಣಬೆಯೇ ಎಂದು ಕಾಲೇಜಿನಲ್ಲಿ ನಕ್ಕವರೆಲ್ಲ ಬಗ್ಗಿ ಬಗ್ಗಿ ನೋಡಿದರು, ನೋಡಲಿ, ಅಡಿಕೆ ಮರದ ಬುಡ ತಿನ್ನುವ ಹಾಳು ಅಣಬೆ ನನ್ನ ಮಗಳು ಕಾಶಮ್ಮನ ಹಗೆಯನ್ನು ಕೊಂದಿತು — ಐದು ವರ್ಷದ ಕೂಸು, ಹೊಟ್ಟೆಯಲ್ಲಿ ಜಂತು ಗಂಟುಕಟ್ಟಿ ಹೋದಳು, ಹೋದ ವರ್ಷ, ಭದ್ರಾವತಿಯ ಸೋದರಮಾವನ ಮನೆಯಲ್ಲಿ, ಪೇಟೆಯಲ್ಲೆಲ್ಲೂ ಜಂತಿಗೆ ಕೊಡುವ ಸ್ಯಾಂಟೋನಿನ್ ಪುಡಿ ಸಿಗಲಿಲ್ಲ. ಜಗದಾಂಬಾ ಬಂದು ಸೆರಗಿನಿಂದ ನನ್ನ ಹಣೆ ಒರೆಸುತ್ತಾಳೆ, ಅಯ್ಯೋ ಏನ್ರೀ ಇದು, ಅಡಿಕೆ ಸೊಕ್ಕಿದ ಹಾಗಿದೆಯಲ್ಲ, ಹಸಿ ಅಡಿಕೆ ಹಾಕ್ಕೊಂಡ್ರಾ? ಅಡಿಕೆಯಂತೆ! ನನ್ನ ಹೆಂಡತಿಗೆ ಎಲ್ಲದಕ್ಕೂ ಅಡಿಕೆಯೇ, ಇದು ಅಣಬೆ ಮಾರಾಯ್ತಿ, ಹೊಳಲೂರಿನ ಮೂರ್ತಪ್ಪ ತನ್ನ ಅಡಿಕೆ ಬೇಯಿಸುವ ಒಲೆಯಲ್ಲಿ ಕುದಿಸಿ ಕೊಟ್ಟಿದ್ದು. ಅದೇ ರೀ, ಅವರು ಒಂದು ಸೌಟು ಚೊಗರು ಹಾಕ್ತಾರಲ್ಲ, ಕೆಡೋದಿಲ್ಲ ಕಣಮ್ಮ ಅಂದ್ರು. ಚೊಗರು — ಅಡಿಕೆ ಬೇಯಿಸಿದ ಕೆಂಪು ನೀರು, ವರ್ಷದಿಂದ ವರ್ಷಕ್ಕೆ ಗಡಿಗೆಯಲ್ಲಿ ಕಾಪಿಡುವುದು — ಯಾವಾಗ ಹಾಕಿದರು? ಪ್ರತಿ ಸಲಾನೂ.

ಪ್ರತಿ ಸಲ. ಅಂದರೆ ಜಂತು ಸತ್ತದ್ದು, ಇಲ್ಲ, ಇರಲಾರದು, ಕಾಲೇಜಿನಿಂದ ತಂದ ಜಂತುಗಳು ಇನ್ನೂ ಉಳಿದಿವೆ, ಒಂದು ಗಾಜಿನ ಬಟ್ಟಲಿಗೆ ಬರೀ ಅಣಬೆಪುಡಿ ನೆನೆಸಿದ ನೀರು, ಇನ್ನೊಂದಕ್ಕೆ ಅಡಿಕೆ ಜಜ್ಜಿದ ನೀರು, ಕಾದೆ, ಕಾದೆ, ಅಣಬೆಯಲ್ಲಿ ಹೊರಳಾಡುತ್ತಲೇ ಇವೆ, ಥೂ ನಿಮ್ಮ, ಅಡಿಕೆಯಲ್ಲಿ ಒಂದೊಂದೇ ಸೆಟೆದುಕೊಂಡವು. ಶಿವನೇ. ಅಡಿಕೆ. ಅವತ್ತು ಭದ್ರಾವತಿಯಲ್ಲಿ ಕಾಶಮ್ಮ ನಡುಮನೆಯ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ, ನೋಡಲು ಬಂದವರಿಗೆಲ್ಲ ಅವಳ ಸೋದರಮಾವ ಕೊಟ್ರಬಸಪ್ಪ ಎಲೆಯಡಿಕೆ ಕೊಡುತ್ತಿದ್ದಾನೆ, ತಗೊಳ್ರಿ, ತಗೊಳ್ರಿ, ನಾನೂ ತೆಗೆದುಕೊಂಡೆ, ಅಗಿಯುತ್ತಲೇ ಡಾಕ್ಟರ ದಾರಿ ನೋಡಿದೆ, ಹಿತ್ತಾಳೆ ತಟ್ಟೆ ಈ ಕೈಯಿಂದ ಆ ಕೈಗೆ, ಅವಳ ತಲೆಯ ಮೇಲಿಂದ, ಮತ್ತೆ ಅವಳ ತಲೆಯ ಮೇಲಿಂದ, ಅವಳು ಕೈ ಚಾಚಿದಳು, ನಂಗೂ ಒಂದು ಹೋಳು ಅಪ್ಪಾ, ಬೇಡ ಮಗಾ, ಮಕ್ಕಳು ತಿಂದ್ರೆ ನಾಲಿಗೆ ದಪ್ಪ ಆಗುತ್ತೆ, ಅಂದೆ, ತಟ್ಟೆಯನ್ನು ಆಚೆ ಸರಿಸಿದೆ, ಕೈ ಚಾಚಿಯೇ ಇತ್ತು, ಆ ಪುಟ್ಟ ಕೈ, ಬರೀ ಕೈ —