ಬೀಕನ್ನಿಗೆ ಹಗ್ಗ ಬೇಡ

ನಮ್ಮ ಬಂದರಿನ ಹೆಂಗಸರಿಗೆಲ್ಲ ಒಂದೇ ಕಾಯಿಲೆ. ಬೋಟು ಹೊರಟು ಸ್ವಲ್ಪ ದೂರ ಹೋಗುತ್ತಲೇ ಫೋನ್ ಸಿಗ್ನಲ್ ಸತ್ತುಹೋಗುತ್ತದೆ. ಆಮೇಲೆ ಬೋಟು ವಾಪಸು ಬರುವ ತನಕ ನಾವು ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಅಡುಗೆ ಮಾಡುತ್ತೇವೆ, ಬಟ್ಟೆ ಒಗೆಯುತ್ತೇವೆ, ಪಕ್ಕದ ಮನೆಯವರ ಜೊತೆ ಜಗಳವನ್ನೂ ಆಡುತ್ತೇವೆ. ಯಾಕೆ ಅಂತ ಕೇಳಿದರೆ "ಸುಮ್ನೆ, ಟೈಮ್ ನೋಡ್ತಿದ್ದೆ" ಅನ್ನುತ್ತೇವೆ.

ನಾನು ಹರಿದ ಬಲೆ ಸರಿಮಾಡುವವಳು. ನನ್ನ ಗಂಡ ಮೀನು ಹಿಡಿಯುವ ಬೋಟಿನ ಯಜಮಾನ. ಬಂದರಿನಲ್ಲಿ ಅವರಿಗೆ "ಏನೂ ಆಗಲ್ಲ" ಎಂದೇ ಹೆಸರು. ಮೋಡ ಕವಿದಿದೆ ಎಂದರೆ ಏನೂ ಆಗಲ್ಲ, ಎಂಜಿನ್ ಕೆಮ್ಮುತ್ತಿದೆ ಎಂದರೆ ಏನೂ ಆಗಲ್ಲ. ನಾನೂ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡೆ. ಆದರೆ ಈ ವರ್ಷ ನಮ್ಮ ಮಗಳು ಎಂಜಿನ್ ಡ್ರೈವರ್ ಪರೀಕ್ಷೆ ಪಾಸಾದಳು. ಅಪ್ಪನ ಬೋಟಿನಲ್ಲೇ ಕೆಲಸಕ್ಕೆ ಹೋಗುತ್ತೇನೆ ಎಂದು ಕುಣಿಯತೊಡಗಿದಳು. ಅವಳ ಖುಷಿ ನೋಡಿ ನನಗೂ ಖುಷಿ. ಆದರೆ ಗಂಡ, ಮಗಳು, ಇಬ್ಬರೂ ಒಂದೇ ಹಲಗೆಯ ಮೇಲೆ!

"ಬೋಟಿಗೆ ಆಪತ್ತಿನ ಬೀಕನ್ ಹಾಕಿಸಿ. ಆಮೇಲೆ ಮಗಳನ್ನ ಕರ್ಕೊಂಡು ಹೋಗಿ," ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ.

"ವೈರ್‌ಲೆಸ್ ಇದೆಯಲ್ಲ. ಅದೊಂದು ಡಬ್ಬಿ ಬೇರೆ ಯಾಕೆ? ಏನೂ ಆಗಲ್ಲ ಬಿಡು," ಎಂದರು.

ನಾನು ಕೂಡಲೇ ನನ್ನ ತಂಗಿಗೆ ಫೋನ್ ಮಾಡಿದೆ. ಬೋಟುಗಳಿಗೆ ರೇಡಿಯೊ ಕೂರಿಸುವುದೇ ಅವಳ ಕೆಲಸ. ಮಾತು ಮಾತ್ರ ರೇಡಿಯೊಗಿಂತ ಜೋರು. ಮಾರನೇ ದಿನವೇ ಬಂದಳು, ಕೈಯಲ್ಲೊಂದು ಹಳದಿ ವಸ್ತು. ನೀರಿನ ಬಾಟಲಿಯಷ್ಟು ದಪ್ಪ, ಮೇಲೊಂದು ಕಡ್ಡಿಯಂಥ ಆ್ಯಂಟೆನಾ.

"ಇಷ್ಟೇನಾ?" ಎಂದು ನನ್ನ ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಮಾತಾಡೋದು ಎಲ್ಲಿ?"

"ಇದರಲ್ಲಿ ಮಾತಾಡೋಕಾಗಲ್ಲ ಭಾವ. ಇದು ಕೂಗುತ್ತೆ ಅಷ್ಟೇ. ಆಕಾಶದಲ್ಲಿರೋ ಉಪಗ್ರಹಕ್ಕೆ ಕೇಳಿಸೋ ಹಾಗೆ. ಅಲ್ಲಿಂದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುತ್ತೆ. ಯಾರ ಬೋಟು, ಎಲ್ಲಿದೆ, ಎರಡೂ ಅವರಿಗೆ ಗೊತ್ತಾಗುತ್ತೆ."

"ವೈರ್‌ಲೆಸ್ಸಲ್ಲೂ ಹೇಳಬಹುದಲ್ಲ?"

"ಮೊದಲು ಅದರಲ್ಲೇ ಹೇಳಿ, ಬೇಡ ಅಂದವರು ಯಾರು? ಆದರೆ ವೈರ್‌ಲೆಸ್ ನಡೆಯೋದು ಬೋಟಿನ ಬ್ಯಾಟರಿಯಿಂದ. ಬ್ಯಾಟರಿ ಇರೋದು ಕೆಳಗೆ, ಎಂಜಿನ್ ಹತ್ರ. ನೀರು ಮೊದಲು ನುಗ್ಗೋದು ಎಲ್ಲಿಗೆ?"

ಗಂಡ ಗಲ್ಲ ಕೆರೆದುಕೊಂಡರು. ಮಗಳು ಬಾಯಿ ಹಾಕಿದಳು: "ಎಂಜಿನ್ ರೂಮಿಗೇ. ಅಂದ್ರೆ ನನ್ನ ಹತ್ರಕ್ಕೇ."

ನನ್ನ ಗಂಡ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಸರಿ, ಎಲ್ಲಿ ಕೂರಿಸ್ತೀಯ ತೋರಿಸು ಬಾ," ಎಂದರು.

ತಂಗಿ ಮೊದಲು ಅದನ್ನು ನಮ್ಮ ಬೋಟಿನ ಹೆಸರಿಗೆ ನೋಂದಾಯಿಸಿದಳು. ಬೋಟಿನ ಬಣ್ಣ, ಉದ್ದ, ಎಷ್ಟು ಜನ ಹೋಗುತ್ತಾರೆ ಎಲ್ಲ ಹೇಳಬೇಕು. ದಡದಲ್ಲಿರುವವರ ಫೋನ್ ನಂಬರ್ ಕೊಡಬೇಕು. ಗಂಡ ತಮ್ಮ ನಂಬರ್ ಹೇಳಲು ಹೊರಟಾಗ ಅವಳು ಹಣೆ ಚಚ್ಚಿಕೊಂಡಳು. "ಭಾವ, ನೀವು ನೀರಲ್ಲಿದ್ದಾಗ ನಿಮಗೇ ಫೋನ್ ಮಾಡಿ ನೀವೆಲ್ಲಿದ್ದೀರಿ ಅಂತ ಕೇಳಬೇಕಾ?" ಕೊನೆಗೆ ನನ್ನ ನಂಬರನ್ನೂ ತನ್ನ ನಂಬರನ್ನೂ ಕೊಟ್ಟಳು.

ಆಮೇಲೆ ಕ್ಯಾಬಿನ್ನಿನ ತಾರಸಿಯ ಮೇಲೆ ಹತ್ತಿದಳು. ಮೇಲೆ ಬರೀ ಆಕಾಶ ಕಾಣಬೇಕು, ಸೂರು, ಬಲೆ, ಕಂಬ ಏನೂ ಅಡ್ಡ ಬರಬಾರದು ಎಂದಳು. ಬೀಕನ್ನನ್ನು ಹಿಡಿದಿಡುವ ಹಿಡಿಕೆಯಲ್ಲಿ ಅಯಸ್ಕಾಂತ ಇರುವುದರಿಂದ ದಿಕ್ಸೂಚಿಯಿಂದ ದೂರ ಇರಬೇಕಂತೆ. ಹಿಡಿಕೆಯನ್ನು ಬೋಲ್ಟು ಹಾಕಿ ಬಿಗಿದು, ಬೀಕನ್ನನ್ನು ಅದರೊಳಗೆ ನಿಲ್ಲಿಸಿದಳು. ಬೋಟು ಮುಳುಗಿ ಕೆಳಗೆ ಹೋದರೆ ನೀರಿನ ಒತ್ತಡಕ್ಕೆ ಹಿಡಿಕೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಬೀಕನ್ ತೇಲಿ ಮೇಲೆ ಬಂದು, ನೀರು ತಾಗಿದ್ದಕ್ಕೇ ಕೂಗಲು ಶುರುಮಾಡುತ್ತದೆ. ಇಷ್ಟು ಹೇಳಿ ಅವಳು ಬೇರೆ ಕೆಲಸಕ್ಕೆ ಓಡಿದಳು.

ಎಡವಟ್ಟು ಆಗಿದ್ದು ಆಮೇಲೆ. ಮರುದಿನ ಮಧ್ಯಾಹ್ನ ನಾನು ಬಲೆಯ ರಾಶಿಯ ನಡುವೆ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸಾಲ ಬೇಕಾ ಎಂದು ಕೇಳುವವರಿರಬೇಕು ಎಂದುಕೊಂಡು ಕಟ್ ಮಾಡುವುದರಲ್ಲಿದ್ದೆ.

"ರಕ್ಷಣಾ ಕೇಂದ್ರದಿಂದ ಮಾತಾಡ್ತಿದ್ದೀವಿ ಅಮ್ಮ. ನಿಮ್ಮ ಬೋಟಿನಿಂದ ಆಪತ್ತಿನ ಕರೆ ಬಂದಿದೆ. ಬೋಟು ಈಗ ಎಲ್ಲಿದೆ?" ಎಂದಿತು ಒಂದು ಗಂಡು ದನಿ.

ಎಂಜಿನ್ ಪರೀಕ್ಷೆ ಮಾಡಿ ಬರುತ್ತೇವೆ ಎಂದು ಅಪ್ಪ ಮಗಳು ಬೆಳಿಗ್ಗೆಯೇ ಹೋಗಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡೇ ಓಡಿದೆ. ದೋಣಿಗಳು ನಿಲ್ಲುವ ಧಕ್ಕೆಯ ತನಕ ಬರಿಗಾಲಲ್ಲಿ ಓಡಿದ್ದೇನೆ, ಸೂಜಿ ಇನ್ನೂ ಕೈಯಲ್ಲೇ ಇತ್ತು. ಹೋಗಿ ನೋಡಿದರೆ ಬೋಟು ಧಕ್ಕೆಗೆ ಕಟ್ಟಿ ನಿಂತಿದೆ! ಮಗಳು ಎಂಜಿನ್ ಒರೆಸುತ್ತಿದ್ದಾಳೆ. ನನ್ನ ಗಂಡ ತಾರಸಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮಿನುಗುತ್ತಿರುವ ಬೀಕನ್ನನ್ನು ಮಗುವನ್ನು ನೋಡುವ ಹಾಗೆ ನೋಡುತ್ತಿದ್ದಾರೆ.

"ಏನ್ರೀ ಮಾಡಿದ್ರಿ?" ಎಂದು ಕಿರುಚಿದೆ.

"ಆನ್ ಮಾಡಿ ನೋಡಿದೆ. ಓಡಿಸಿ ನೋಡದೆ ಎಂಜಿನ್ನನ್ನೇ ನಂಬಲ್ಲ ನಾನು, ಇದನ್ನ ನಂಬ್ತೀನಾ? ನೋಡು, ಲೈಟ್ ಬರ್ತಿದೆ!"

ನಾನು ಬೋಟು ಹತ್ತಿ, ಸ್ಪೀಕರ್ ಹಾಕಿ, ಕೈ ಚಾಚಿ ಫೋನನ್ನು ಅವರ ಕಿವಿಗೆ ತುರುಕಿದೆ. ಅವರ ಮುಖದ ಬಣ್ಣ ಬದಲಾಗುವುದನ್ನು ಕಣ್ಣಾರೆ ಕಂಡೆ. ಆ ಅಧಿಕಾರಿ ರೇಗಲಿಲ್ಲ. ಕೂಡಲೇ ಆಫ್ ಮಾಡಿಸಿದರು. ಆಮೇಲೆ ಹೇಳಿದರು: "ತಪ್ಪಾಗಿ ಆನ್ ಆದ್ರೆ ಹೆದರಿ ಮುಚ್ಚಿಡಬೇಡಿ, ತಕ್ಷಣ ನಮಗೆ ತಿಳಿಸಿ. ಆದರೆ ಪರೀಕ್ಷೆಗೆ ಅಂತ ಇದನ್ನ ಯಾವತ್ತೂ ಒತ್ತಬೇಡಿ. ನಾವು ನಿಮ್ಮ ಹಿಂದೆ ಓಡ್ತಿರುವಾಗ ನಿಜವಾಗಿ ಮುಳುಗ್ತಿರೋನು ಕಾಯ್ತಿರ್ತಾನೆ."

ನನ್ನ ಗಂಡ ತಾರಸಿಯಿಂದ ಇಳಿದು ಬಂದರು. ನಾಚಿಕೆ ಒಂದು ಕಡೆ. ಆದರೆ ಕಣ್ಣು ಹೊಳೆಯುತ್ತಿತ್ತು. "ಇಲ್ಲಿ ಒತ್ತಿದೆ, ಅಲ್ಲಿ ಮನೇಲಿ ನಿನ್ನ ಫೋನ್ ಹೊಡ್ಕೊಂಡ್ತಾ? ಅಬ್ಬಾ! ಇದು ನಿಜಕ್ಕೂ ಕೆಲಸ ಮಾಡುತ್ತೆ ಕಣೆ!" ಎಂದರು. ಹೊಡೆಯಬೇಕೋ ನಗಬೇಕೋ ತಿಳಿಯದೆ ನಾನು ಅಲ್ಲೇ ಕೂತುಬಿಟ್ಟೆ.

ಸುದ್ದಿ ತಂಗಿಗೂ ಹೋಗಿತ್ತು. ಬಿರುಗಾಳಿಯ ಹಾಗೆ ಬಂದಳು. ಬಂದವಳು ತಾರಸಿ ಹತ್ತಿ ನೋಡಿ, ಇನ್ನೂ ಜೋರಾಗಿ ಕೂಗಿದಳು.

"ಭಾವ! ಇದಕ್ಕೆ ಹಗ್ಗ ಬಿಗಿದವರು ಯಾರು?"

ಬೋಟಿನ ಮೇಲೆ ಕಟ್ಟದ ವಸ್ತು ಸಮುದ್ರದ ಪಾಲು, ಇದು ನಮ್ಮವರ ರಕ್ತದಲ್ಲೇ ಇದೆ. ಬಕೆಟ್ಟಿಗೆ ಹಗ್ಗ, ಸ್ಟೌವಿಗೆ ಹಗ್ಗ, ಚಹಾ ಕುಡಿಯುವ ಲೋಟಕ್ಕೂ ದಾರ. ಬೀಕನ್ನಿನ ಜೊತೆಗೇ ಒಂದು ತೆಳ್ಳಗಿನ ದಾರ ಬಂದಿತ್ತು. ನನ್ನ ಗಂಡ ಅದನ್ನು ಬೋಟಿನ ಕಂಬಿಗೆ ಕಟ್ಟಿ, ಸಾಲದೆಂದು ಬಲೆಯ ನೈಲಾನ್ ಹಗ್ಗದಿಂದಲೂ ಬಿಗಿದಿದ್ದರು. ಒಳ್ಳೆಯ ಗಂಟು. ಹಲ್ಲಲ್ಲಿ ಕಚ್ಚಿದರೂ ಬಿಚ್ಚದಂಥದ್ದು.

"ಅಲೆಗೆ ಬಿದ್ದುಹೋದ್ರೆ?" ಎಂದರು ನನ್ನ ಗಂಡ.

"ಹಿಡಿಕೆ ಹಿಡ್ಕೊಂಡಿರುತ್ತೆ, ಬೀಳಲ್ಲ. ಹೀಗೆ ಕಟ್ಟಿದ್ರೆ ಬೋಟಿನ ಜೊತೆ ಇದೂ ತಳಕ್ಕೆ ಹೋಗುತ್ತೆ. ಅಲ್ಲಿಂದ ಮೀನುಗಳಿಗೆ ಕೂಗುತ್ತೆ! ಆ ದಾರ ಇರೋದು ನೀವು ನೀರಿಗೆ ಬಿದ್ದಾಗ ಇದನ್ನ ನಿಮ್ಮ ಲೈಫ್ ಜಾಕೆಟ್ಟಿಗೆ ಕಟ್ಕೊಳ್ಳೋಕೆ. ಬೋಟಿಗಲ್ಲ."

ಅವಳೇ ಚಾಕು ತೆಗೆದು ನೈಲಾನ್ ಹಗ್ಗ ಕತ್ತರಿಸಿದಳು, ದಾರವನ್ನು ಬಿಚ್ಚಿ ಮಡಿಸಿಟ್ಟಳು. ಆಮೇಲೆ ಪರೀಕ್ಷೆ ಮಾಡುವ ಸರಿಯಾದ ಕ್ರಮ ತೋರಿಸಿದಳು. ಅದಕ್ಕೆ ಬೇರೆಯೇ ಗುಂಡಿ ಇದೆ. ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದಷ್ಟೇ ಹೊತ್ತು ಒತ್ತಬೇಕು, ಒಮ್ಮೆ ದೀಪ ಮಿನುಗಿ ಸರಿಯಿದೆ ಎಂದು ತೋರಿಸುತ್ತದೆ, ಯಾರಿಗೂ ಆಪತ್ತಿನ ಕರೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಸಾಕು, ಸುಮ್ಮಸುಮ್ಮನೆ ಒತ್ತುತ್ತಿದ್ದರೆ ಬ್ಯಾಟರಿ ಸವೆಯುತ್ತದೆ. ಬ್ಯಾಟರಿಯ ತಾರೀಕು, ಹಿಡಿಕೆಯ ತಾರೀಕು ಮುಗಿದಿದೆಯೇ ನೋಡಬೇಕು. ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಕೈಯಾಡಿಸಬೇಕು. ಮಗಳು ಅದೆಲ್ಲವನ್ನೂ ಎರಡೆರಡು ಸಲ ಬಾಯಲ್ಲಿ ಒಪ್ಪಿಸಿದ ಮೇಲೆಯೇ ನಾನು ಹೋಗಿ ಬನ್ನಿ ಎಂದದ್ದು.

ಅವರು ಹೋದರು. ಅಪ್ಪ, ಮಗಳು, ಬಲೆ ಎಳೆಯುವ ಇಬ್ಬರು. ಸಿಗ್ನಲ್ ಹೋಗುವ ಮೊದಲು ಮಗಳು ಫೋನ್ ಮಾಡಿ, "ಅಮ್ಮಾ, ಎಂಜಿನ್ ನನ್ನ ಮಾತು ಕೇಳ್ತಿದೆ!" ಎಂದು ಕೂಗಿ ಹೇಳಿದಳು.

ಮರುದಿನ ಬೆಳಿಗ್ಗೆ ಮತ್ತೆ ಅದೇ ನಂಬರು.

"ಅಮ್ಮ, ನಿಮ್ಮ ಬೋಟಿನ ಬೀಕನ್ ಮತ್ತೆ ಕೂಗ್ತಿದೆ. ಬೋಟು ಧಕ್ಕೆಯಲ್ಲಿದೆಯಾ? ಈ ಸಲವೂ ಪರೀಕ್ಷೆಯಾ?"

ನಾನು ಈಗ ಹೇಳುವ ಮಾತಿನ ಮೇಲೆ ಮಗಳ ಜೀವ ನಿಂತಿದೆ ಎಂದು ಗೊತ್ತಾಯಿತು.

"ಇಲ್ಲ ಸಾರ್. ಬೋಟು ಸಮುದ್ರದಲ್ಲಿದೆ, ನಿನ್ನೆ ಹೋಗಿದ್ದಾರೆ. ನನ್ನ ಗಂಡ ಹೊಸ ಹೊಸ ತಪ್ಪು ಮಾಡ್ತಾರೆ, ಮಾಡಿದ್ದನ್ನೇ ಇನ್ನೊಂದು ಸಲ ಮಾಡಲ್ಲ. ಇದು ನಿಜವಾದದ್ದೇ. ನಾಲ್ಕು ಜನ ಇದ್ದಾರೆ. ಎಲ್ಲರ ಹತ್ರಾನೂ ಲೈಫ್ ಜಾಕೆಟ್ ಇದೆ. ನೀಲಿ ಬೋಟು, ಬಿಳಿ ಕ್ಯಾಬಿನ್. ಬೇಗ ಹೋಗಿ!"

"ಹೊರಟಿದ್ದೀವಿ ಅಮ್ಮ. ಫೋನ್ ಖಾಲಿ ಇಟ್ಕೊಂಡಿರಿ."

ಮುಂದೆ ಆ ಹೊತ್ತನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ತಂಗಿ ಬಂದು ಪಕ್ಕದಲ್ಲಿ ಕೂತಳು. ನಾವಿಬ್ಬರೂ ಫೋನನ್ನು ನೆಲದ ಮೇಲಿಟ್ಟು ಅದನ್ನೇ ನೋಡುತ್ತಾ ಕೂತೆವು.

ಫೋನ್ ಹೊಡೆದುಕೊಂಡಿತು. "ಅಮ್ಮಾ..." ಎಂದಳು ನನ್ನ ಮಗಳು, ರಕ್ಷಣಾ ಹಡಗಿನಿಂದ. "ನಾಲ್ಕೂ ಜನ ಇದ್ದೀವಿ." ನಾನು ಜೋರಾಗಿ ಅತ್ತೆ. ತಂಗಿ ನನಗಿಂತ ಜೋರಾಗಿ ಅತ್ತಳು.

ಏನಾಗಿತ್ತೆಂದರೆ, ನೀರಿನಲ್ಲಿ ತೇಲುತ್ತಿದ್ದ ದೊಡ್ಡ ಮರದ ದಿಮ್ಮಿ ಬೋಟಿಗೆ ಬಡಿದು ತಳದ ಹಲಗೆ ಒಡೆದಿತ್ತು. ನೀರು ಎಂಜಿನ್ ರೂಮಿಗೆ ನುಗ್ಗಿತು. ವೈರ್‌ಲೆಸ್ ಹಿಡಿಯುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ತಾರಸಿ ಹತ್ತಿ ಬೀಕನ್ ತೆಗೆದುಕೊಳ್ಳೋಣ ಎಂದರೆ ಬೋಟು ಮಗ್ಗುಲಿಗೆ ವಾಲಿ, ನೋಡನೋಡುತ್ತಲೇ ಮಗುಚಿಕೊಂಡಿತು. ನಾಲ್ಕು ಜನರೂ ನೀರಿನಲ್ಲಿ. ಬೋಟು ಕೆಳಗೆ ಹೋಯಿತು. ಸುತ್ತ ಬರೀ ನೀರು.

"ಅಪ್ಪ ನನ್ನ ಕೈ ಹಿಡ್ಕೊಂಡಿದ್ರು," ಎಂದಳು ಮಗಳು ಮನೆಗೆ ಬಂದ ಮೇಲೆ. "ಮೊದಲ ಸಲ ಅವರ ಬಾಯಲ್ಲಿ ಏನೂ ಆಗಲ್ಲ ಅನ್ನೋ ಮಾತು ಬರಲಿಲ್ಲ. ಅಷ್ಟರಲ್ಲಿ ಬುಳಕ್ ಅಂತ ಹಳದಿ ಬೀಕನ್ ಮೇಲೆ ಬಂತು ನೋಡಮ್ಮ! ಮಿನುಗ್ತಾ ಇತ್ತು! ನಾವು ನಾಲ್ಕೂ ಜನ ಹುಚ್ಚರ ಹಾಗೆ ಕೂಗಿದ್ವಿ. ಈಜಿ ಹೋಗಿ ಹಿಡ್ಕೊಂಡೆ, ದಾರಾನ ಜಾಕೆಟ್ಟಿಗೆ ಕಟ್ಕೊಂಡೆ, ಆ್ಯಂಟೆನಾ ನೆಟ್ಟಗೆ ಆಕಾಶಕ್ಕೆ ಇಟ್ಟೆ. ಹಡಗು ಕಂಡಾಗ ಆಫ್ ಮಾಡೋಣ ಅಂದ ಒಬ್ಬ. ಅವರು ಬಂದು ಹೇಳೋ ತನಕ ಮುಟ್ಟಬೇಡ ಅಂತ ಅಪ್ಪ ಗದರಿದ್ರು."

ಬೋಟು ಹೋಯಿತು. ಬೋಟು ಇನ್ನೊಂದು ಬರುತ್ತದೆ. ನನ್ನ ಗಂಡ ಈಗ ಧಕ್ಕೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಯಾರ ಬೋಟು ಬಂದರೂ ಹತ್ತಿ ತಾರಸಿ ನೋಡುತ್ತಾರೆ. ಹಗ್ಗ ಕಂಡರೆ ಮುಗಿಯಿತು, ಬೋಟಿನ ಯಜಮಾನನಿಗೆ ಅರ್ಧ ಗಂಟೆಯ ಭಾಷಣ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೋಟಿನಲ್ಲಿ ಬೀಕನ್ ಇಲ್ಲದಿದ್ದರೆ ಮುಂದಿನ ಸಲ ಹೊರಡುವ ಮೊದಲೇ ಹಾಕಿಸಿ. ಇದ್ದರೆ ಇವತ್ತೇ ಹೋಗಿ ನೋಡಿ. ಅದರ ಮೇಲೆ ಆಕಾಶ ಕಾಣುತ್ತದೆಯೇ? ಹಗ್ಗ ಕಟ್ಟಿದ್ದಾರೆಯೇ? ತಾರೀಕು ಮುಗಿದಿದೆಯೇ? ಪರೀಕ್ಷೆಯ ಗುಂಡಿ ಯಾವುದು, ಆಪತ್ತಿನ ಗುಂಡಿ ಯಾವುದು ಎಂದು ಬೋಟಿನಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿದೆಯೇ? ದಡದಲ್ಲಿರುವವರು ಫೋನ್ ನಂಬರ್ ಬದಲಾಯಿಸಿದ್ದರೆ ನೋಂದಣಿಯಲ್ಲೂ ಬದಲಾಯಿಸಿ. ಗೊತ್ತಿಲ್ಲದ ನಂಬರ್ ಎಂದು ಕಟ್ ಮಾಡಬೇಡಿ. ನಿಮ್ಮವರು ನಡುನೀರಿನಲ್ಲಿ ಕೂಗಿದ್ದು ನಿಮ್ಮ ತನಕ ಬರುವುದು ಆ ಒಂದು ಕರೆಯಲ್ಲೇ. ಎತ್ತಿ, ಮಾತಾಡಿ.