ಮುರುಕೇಣಿಯ ಕುಂಚ

ನಾನು ಸೊನ್ನೆ ನಂಬರಿನ ಕುಂಚ. ಅಳಿಲಿನ ಬಾಲದ ಕೂದಲು, ತಗಡಿನ ಕೊರಳಪಟ್ಟಿ, ಮರದ ಹಿಡಿ. ಒಂದೇ ಪೊಟ್ಟಣದಲ್ಲಿ ಹುಟ್ಟಿದ ನನ್ನ ಅಣ್ಣತಮ್ಮಂದಿರು ದೇವರ ಪಟಗಳ ಹುಬ್ಬು ತೀಡಲು ಹೋದರು. ನಾನು ಧಾರವಾಡದ ಒಂದು ಪ್ರಯೋಗಾಲಯಕ್ಕೆ, ನೊಣ ತಳ್ಳಲು ಬಂದೆ. ನನಗೆ ಬಣ್ಣ ಅಂಟಲಿಲ್ಲ, ಹೊಟ್ಟೆಕಿಚ್ಚು ಅಂಟಿತು.

ನನ್ನ ಒಡತಿ ಕುಮುದಿನಿ, ಪಿಎಚ್.ಡಿ. ಮಾಡುತ್ತಿದ್ದಳು. ಹಣ್ಣುನೊಣಗಳಿಗೆ ಮಂಪರು ಬರಿಸಿ ಬಿಳಿ ಫಲಕದ ಮೇಲೆ ಸುರಿಯುವಳು. ಗಂಡನ್ನು ಅತ್ತ, ಹೆಣ್ಣನ್ನು ಇತ್ತ ಸರಿಸುವುದು ನನ್ನ ಕೆಲಸ. ಅವಳ ನೊಣಗಳಲ್ಲಿ ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮೊಟ್ಟೆಯೊಳಗಿನ ಭ್ರೂಣದ ನರಗಳು ಮೆಟ್ಟಿಲು ಕಳಚಿದ ಏಣಿಯಂತಾಗಿ ಅದು ಸಾಯುತ್ತಿತ್ತು. ಕೆಟ್ಟಾಗ ಆಗುವ ಅನಾಹುತದ ಹೆಸರನ್ನೇ ಜೀನಿಗೆ ಇಡುವುದು ಅಲ್ಲಿನ ವಾಡಿಕೆ. ಅವಳು ‘ಮುರುಕೇಣಿ’ ಎಂದು ಕರೆದಳು.

ಪಕ್ಕದ ಮೇಜಿನ ಗುರುಸಿದ್ಧನ ಭ್ರೂಣಗಳದ್ದು ಬೇರೆ ಗೋಳು: ಉಸಿರಿನ ಕೊಳವೆಗಳು ಕೂಡದೆ ನಡುನಡುವೆ ತುಂಡಾಗಿ ಅವೂ ಸಾಯುತ್ತಿದ್ದವು. ಅವನ ಜೀನ್ ‘ತುಂಡುಕೊಳವೆ’. ಅದರ ಬಗ್ಗೆ ಸಂಶೋಧನಾ ಪತ್ರಿಕೆಯಲ್ಲಿ ಆಗಲೇ ಒಂದು ಪುಟ ಅಚ್ಚಾಗಿತ್ತು. ಅವನ ಬಳಿ ನುಣುಪಾದ ವಿದೇಶಿ ಕುಂಚವೂ ಇತ್ತು. ಕುಮುದಿನಿಯ ಕಣ್ಣು ಆ ಪುಟದ ಮೇಲೆ, ನನ್ನ ಕಣ್ಣು ಆ ಕುಂಚದ ಮೇಲೆ.

ಇಬ್ಬರಿಗೂ ಗೈಡಾದ ವೈಜಯಂತಿ ಮೇಡಂ ಒಂದು ದಿನ ಮೂಗಿನಲ್ಲೇ ರಾಗ ತೆಗೆದರು: “ಹೂಂ... ಎರಡೂ ಜೀನು ಕ್ರೋಮೋಸೋಮಿನ ಒಂದ ಜಾಗಾದಾಗ ಕುಂತಾವಲ್ಲ? ನಿನ್ನ ಗಂಡು, ಅವನ ಹೆಣ್ಣು ಕೂಡಿಸಿ ನೋಡು. ಮರಿ ಎಲ್ಲಾ ಬದುಕಿದ್ರ ಬ್ಯಾರೆ ಬ್ಯಾರೆ ಜೀನು. ಸತ್ತ್ರ ಎರಡೂ ಒಂದ.”

ಒಂದೇ ಆದರೆ ಮೊದಲು ಅಚ್ಚಾದ ಹೆಸರೇ ಉಳಿಯುತ್ತದೆ. ಮೂರು ವರ್ಷದ ಮುರುಕೇಣಿ ಅಳಿಸಿಹೋಗುತ್ತದೆ.

“ಅವನ ಮುಂದ ಕೈ ಚಾಚ್ಲ್ಯಾ?” ಎಂದು ಗೊಣಗಿದ ಕುಮುದಿನಿ, ಅವನು ಚಹಾಕ್ಕೆ ಹೋದಾಗ ಅವನ ಸೀಸೆಯನ್ನೇ ಬಗ್ಗಿಸಿದಳು. ಎಂಟು ಹೆಣ್ಣುಗಳನ್ನು ನಾನೇ ತಳ್ಳಿದೆ. ಮುಟ್ಟಿದೊಡನೆ ನನಗೆ ತಿಳಿಯಿತು, ಎಲ್ಲವೂ ಬಸುರಿಯರು! ಈ ಪರೀಕ್ಷೆಗೆ ಗಂಡಿನ ಗಾಳಿ ಸೋಕದ ಹೆಣ್ಣೇ ಬೇಕು. ಆದರೆ ಕುಂಚಕ್ಕೆ ಬಾಯಿಲ್ಲ, ಹೊಟ್ಟೆಕಿಚ್ಚಿಗೆ ತಾಳ್ಮೆಯಿಲ್ಲ.

ಎರಡೇ ದಿನದಲ್ಲಿ ಸತ್ತ ಭ್ರೂಣಗಳು ಕಂಡವು. ಕುಮುದಿನಿ ಬಿಳಿಚಿಕೊಂಡು ಮೇಡಂ ಬಳಿ ಓಡಿದಳು.

“ಹೂಂ... ಕನ್ಯೆ ಆರಿಸಿದ್ಯಾ?”

ಕುಮುದಿನಿ ಸೀಸೆಯ ಚೀಟಿ ಕೆರೆಯತೊಡಗಿದಳು.

“ಊಹೂಂ. ಹಂಗಾರ ಇವು ಅವನ ಗಂಡಿಗೇ ಹುಟ್ಟಿದ್ವು.”

ಬಾಗಿಲಲ್ಲಿ ಗುರುಸಿದ್ಧ ನಿಂತಿದ್ದ. “ಅಕ್ಕಾರ, ನನ್ನ ನೊಣಕ್ಕ ಕನ್ನಾ ಹಾಕಿದ್ರೇನು? ಅದೂ ಮದುವಿ ಆದವಕ್ಕ!” ಎಂದು ನಕ್ಕು, ಒಂದು ಸೀಸೆ ತಂದಿಟ್ಟ. “ತಗೋರಿ, ಇವತ್ತ ಮುಂಜಾನೆ ಹುಟ್ಟಿದ್ವು, ಇನ್ನೂ ಕನ್ಯೆ. ಕೇಳಿದ್ರ ಅವತ್ತೂ ಕೊಡ್ತಿದ್ದೆ.”

ಬೈದಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಈ ಸಲ ಒಂದೊಂದೇ ಹೆಣ್ಣನ್ನು ಹೊಟ್ಟೆ ನೋಡಿ ಆರಿಸಿದೆವು. ಭ್ರೂಣಗಳು ಮತ್ತೆ ಸತ್ತವು. ಅವುಗಳಲ್ಲಿ ಏಣಿಯೂ ಮುರಿದಿತ್ತು, ಕೊಳವೆಯೂ ತುಂಡಾಗಿತ್ತು. ಅವಳು ತನ್ನ ಹಳೆಯ ಭ್ರೂಣಗಳ ಗಾಜುಪಟ್ಟಿಗಳನ್ನು ಹೊರತೆಗೆದು ನೋಡಿದಳು. ಮೂರು ವರ್ಷದಿಂದ ಅವುಗಳಲ್ಲೂ ಕೊಳವೆ ತುಂಡಾಗಿಯೇ ಇತ್ತು! ಅದು ಅವನ ಸೀಮೆಯೆಂದು ಅವಳು ಅತ್ತ ತಿರುಗಿರಲಿಲ್ಲ. ಅವನೂ ನರಗಳತ್ತ ನೋಡಿರಲಿಲ್ಲ. ನರದ ಏಣಿ ಕಟ್ಟುವುದೂ ಉಸಿರಿನ ಕೊಳವೆ ಬೆಸೆಯುವುದೂ ಒಂದೇ ಜೀನ್.

ಈಗ ನನ್ನಲ್ಲಿ ಉಳಿದಿರುವುದು ನಾಲ್ಕೇ ಕೂದಲು. ಪೆನ್ನುಗಳ ಡಬ್ಬಿಯಲ್ಲಿ ನನಗೆ ನಿವೃತ್ತಿ. ಕುಮುದಿನಿ ಪ್ರಬಂಧ ಬರೆಯುತ್ತಿದ್ದಾಳೆ. ನರಗಳ ಅಧ್ಯಾಯವೆಲ್ಲ ಅವಳದೇ. ಗುರುಸಿದ್ಧನೇ ಬಂದು, “ಏನ್ ಚಂದ ಅದಾವ್ರೀ ಚಿತ್ರ!” ಎಂದು ಹೊಗಳಿ ಹೋಗುತ್ತಾನೆ. ಆದರೆ ಜೀನಿನ ಹೆಸರು ಬಂದಲ್ಲೆಲ್ಲ ಅವಳು ‘ತುಂಡುಕೊಳವೆ’ ಎಂದೇ ಬರೆಯಬೇಕು. ಬರೆಯುವ ಮೊದಲು ನನ್ನನ್ನು ಎತ್ತಿ, ಹಿಡಿಯನ್ನು ಹಲ್ಲಲ್ಲಿ ಕಟಕ್ಕನೆ ಕಚ್ಚುತ್ತಾಳೆ. ಆಮೇಲೆ ಬರೆಯುತ್ತಾಳೆ.

ಇನ್ನೂ ಎರಡು ಅಧ್ಯಾಯ ಬಾಕಿ. ಹಿಡಿ ಉಳಿದರೆ ಸಾಕು.